ನವೆಂಬರ್ ಒಂದು, ಉಮರೇಡ್ ಕಡೆಯಿಂದ



ನಾಳೆ ನವೆಂಬರ್ 1. ಬೆಳಗಾದರೆ ಶಾಲೆಯ ಅಂಗಳದಲ್ಲಿ, ಆಟೊ ಸ್ಟ್ಯಾಂಡಿನಲ್ಲಿ, ಊರ ಸರ್ಕಲ್ಲಿನಲ್ಲಿ ಹಳದಿ-ಕೆಂಪು ಬಾವುಟ ಏರುತ್ತದೆ. ಭುವನೇಶ್ವರಿಯ ಮೆರವಣಿಗೆ, ಸನ್ಮಾನ, ಭಾಷಣ ಎಲ್ಲ ಇರುತ್ತದೆ. ಅದೆಲ್ಲ ನಿಮಗೆ ಗೊತ್ತಿರುವುದೇ. ಹಾಗಾಗಿ ಇವತ್ತು ಈ ದಿನವನ್ನು ಬೆಂಗಳೂರಿನಿಂದಲೋ ಧಾರವಾಡದಿಂದಲೋ ನೋಡುವುದು ಬೇಡ. ದೂರದ ಒಂದು ಊರಿನಲ್ಲಿ ನಿಂತು ನೋಡೋಣ. ಆ ಊರಿನ ಹೆಸರು ಉಮರೇಡ್.

ಉಮರೇಡ್ ನಾಗಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಾಗಪುರದಿಂದ ಆಗ್ನೇಯಕ್ಕೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹಿಂದೆ ರೇಷ್ಮೆ ಅಂಚಿನ ಹತ್ತಿಬಟ್ಟೆ ನೇಯುವ ಕೈಮಗ್ಗಗಳಿಗೆ ಹೆಸರಾಗಿತ್ತು. ಈಗ ಹೆಸರು ಕೇಳಿಬರುವುದು ಅಲ್ಲಿನ ಕಲ್ಲಿದ್ದಲು ಗಣಿಯಿಂದ, ಮತ್ತೆ ಹುಲಿಗಳಿರುವ ಉಮರೇಡ್-ಕರ್ಹಾಂಡ್ಲಾ ವನ್ಯಧಾಮದಿಂದ. ಮಾತು ಮರಾಠಿ. ನಾಳೆ ಅಲ್ಲಿ ಯಾರೂ ರಾಜ್ಯೋತ್ಸವ ಮಾಡುವುದಿಲ್ಲ. ಆದರೂ ನಾಳಿನ ತಾರೀಖು ಆ ಊರಿನದೂ ಹೌದು.

ಹೇಗೆ ಅಂತೀರಾ? 1956ರ ಅಕ್ಟೋಬರ್ 31ರ ರಾತ್ರಿ ಉಮರೇಡ್ ಮಧ್ಯಪ್ರದೇಶದಲ್ಲಿತ್ತು. ನವೆಂಬರ್ 1ರ ಬೆಳಗ್ಗೆ ಮುಂಬಯಿ ರಾಜ್ಯದಲ್ಲಿತ್ತು. ಇತ್ತ ನಮ್ಮ ಹುಬ್ಬಳ್ಳಿ ಅದೇ ರಾತ್ರಿ ಮುಂಬಯಿ ರಾಜ್ಯದಲ್ಲಿ ಮಲಗಿ, ಬೆಳಗ್ಗೆ ಮೈಸೂರು ರಾಜ್ಯದಲ್ಲಿ ಎದ್ದಿತು. ಹುಬ್ಬಳ್ಳಿ ಬಿಟ್ಟುಬಂದ ರಾಜ್ಯಕ್ಕೆ ಉಮರೇಡ್ ಹೋಗಿ ಸೇರಿತು, ಅದೂ ಅದೇ ಗಳಿಗೆಗೆ.

ಇದು ಕಾಕತಾಳೀಯ ಅಲ್ಲ. ಎರಡಕ್ಕೂ ಮೂಲ ಒಂದೇ ಕಾಯಿದೆ. 1953ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಉಳಿದಿಬ್ಬರು ಸದಸ್ಯರು. 1955ರ ಸೆಪ್ಟೆಂಬರ್ 30ಕ್ಕೆ ವರದಿ ಬಂತು. ಮರುವರ್ಷ ಸಂಸತ್ತು ರಾಜ್ಯ ಪುನರ್ವಿಂಗಡಣಾ ಕಾಯಿದೆ ಮಾಡಿತು. ಅದು ಜಾರಿಗೆ ಬರಲು ಗೊತ್ತುಮಾಡಿದ ದಿನ 1956ರ ನವೆಂಬರ್ 1, ಗುರುವಾರ. ದೀಪಾವಳಿಯ ಅಮಾವಾಸ್ಯೆಗೆ ಒಂದೇ ದಿನ ಬಾಕಿ. ಕಾಯಿದೆಯ ಒಂದು ಸಾಲಿನಲ್ಲಿ ಕೂತ ಆ ತಾರೀಖಿಗೆ ದೇಶದಲ್ಲಿ 14 ರಾಜ್ಯಗಳು, 6 ಕೇಂದ್ರಾಡಳಿತ ಪ್ರದೇಶಗಳು ಆದವು. ನಾವು ಹಬ್ಬ ಮಾಡುವುದು ಆ 14ರಲ್ಲಿ ಒಂದಕ್ಕೆ.

ಆಯೋಗ ಹೇಳಿದ್ದನ್ನೆಲ್ಲ ಸರ್ಕಾರ ಒಪ್ಪಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ನಾಗಪುರ, ವಾರ್ಧಾ, ಭಂಡಾರಾ, ಚಾಂದಾ, ಅಮರಾವತಿ, ಅಕೋಲಾ, ಬುಲ್ಢಾಣಾ, ಯವತ್ಮಾಳ, ಈ ಎಂಟು ಮರಾಠಿ ಜಿಲ್ಲೆಗಳು ಸೇರಿ ವಿದರ್ಭ ಎಂಬ ಪ್ರತ್ಯೇಕ ರಾಜ್ಯ ಆಗಲಿ ಎಂದು ಆಯೋಗ ಶಿಫಾರಸು ಮಾಡಿತ್ತು. ಅದೇ ವರದಿಯಲ್ಲಿ ಬಳ್ಳಾರಿ ಸೀಮೆ ಆಂಧ್ರಕ್ಕೆ ಹೋಗಲಿ ಎಂಬ ಮಾತೂ ಇತ್ತು. ಸರ್ಕಾರ ಎರಡನ್ನೂ ತಳ್ಳಿಹಾಕಿತು. ಬಳ್ಳಾರಿ ನಮಗೆ ಉಳಿಯಿತು. ಉಮರೇಡ್ ಇದ್ದ ವಿದರ್ಭಕ್ಕೆ ಸ್ವಂತ ರಾಜ್ಯ ತಪ್ಪಿತು. ಆಯೋಗದ ಮಾತು ನಡೆದಿದ್ದರೆ ನಾಳೆ ಬಳ್ಳಾರಿಯ ಕೋಟೆಯ ಕೆಳಗೆ ಕನ್ನಡದ ಬಾವುಟ ಇರುತ್ತಿರಲಿಲ್ಲ, ಉಮರೇಡ್‌ನಲ್ಲಿ ನಾಳೆ ಪ್ರಾಯಶಃ ರಾಜ್ಯದ ಹುಟ್ಟುಹಬ್ಬವೇ ನಡೆಯುತ್ತಿತ್ತು.

ನಾಗಪುರ ಅವತ್ತು ಕಳೆದುಕೊಂಡದ್ದು ಸಣ್ಣದಲ್ಲ. 1861ರಲ್ಲಿ ಬ್ರಿಟಿಷರು ಮಧ್ಯ ಪ್ರಾಂತ್ಯ ಮಾಡಿದಾಗಿನಿಂದ ಅದು ರಾಜಧಾನಿ. 1950ರಲ್ಲಿ ಆ ಪ್ರಾಂತ್ಯ ಮಧ್ಯಪ್ರದೇಶ ಎಂಬ ಹೆಸರು ಪಡೆದಾಗಲೂ ರಾಜಧಾನಿ ನಾಗಪುರವೇ. ಹಿಂದಿ ಮತ್ತು ಮರಾಠಿ ಎರಡೂ ಆಡಳಿತ ಭಾಷೆಗಳು. 1936ರಿಂದ ಅಲ್ಲೊಂದು ಹೈಕೋರ್ಟು ಕೂಡ ಇತ್ತು. ನವೆಂಬರ್ 1ಕ್ಕೆ ರಾಜಧಾನಿ ಭೋಪಾಲಕ್ಕೆ ಹೋಯಿತು, ಹೈಕೋರ್ಟು ಜಬಲ್ಪುರಕ್ಕೆ ಹೋಯಿತು. ನಾಗಪುರಕ್ಕೆ ಉಳಿದದ್ದು ಮುಂಬಯಿ ಹೈಕೋರ್ಟಿನ ಒಂದು ಪೀಠ, ಮತ್ತೆ ವರ್ಷಕ್ಕೊಮ್ಮೆ ವಿಧಾನಮಂಡಲದ ಅಧಿವೇಶನ ಇಲ್ಲಿ ನಡೆಯಬೇಕು ಎಂಬ 1953ರ ನಾಗಪುರ ಒಪ್ಪಂದದ ಮಾತು. ಉಮರೇಡ್‌ನ ರೈತ ಹಿಂದಿನ ದಿನದವರೆಗೆ ರಾಜಧಾನಿಗೆ ಹೋಗಿ ಕೆಲಸ ಮುಗಿಸಿ ಸಂಜೆಗೆ ಮನೆಗೆ ಬರಬಹುದಿತ್ತು. ಈಗ ಅವನ ರಾಜಧಾನಿ ಎಂಟುನೂರು ಕಿಲೋಮೀಟರ್ ಆಚೆ, ಕಡಲ ದಂಡೆಯಲ್ಲಿ.

ನಮ್ಮ ಕಡೆಯೂ ಇಂಥದೊಂದು ಜಿಲ್ಲೆ ಉಂಟು. ಬೀದರ್. ಅದರ ಹಳೆಯ ರಾಜಧಾನಿ ಹೈದರಾಬಾದು ಪಕ್ಕದ ಊರು, ಹೊಸ ರಾಜಧಾನಿ ಬೆಂಗಳೂರು ರಾಜ್ಯದ ಇನ್ನೊಂದು ತುದಿ. ಬೀದರಿನವರಿಗೆ ಅವತ್ತು ರಾಜಧಾನಿ ದೂರವಾಯಿತು, ಭಾಷೆ ಹತ್ತಿರವಾಯಿತು. ಉಮರೇಡ್‌ನವರಿಗೂ ಮರಾಠಿ ಬಂಧುಗಳು ಸಿಕ್ಕರು, ರಾಜಧಾನಿ ಕೈತಪ್ಪಿತು. ಭಾಷೆಯ ಲೆಕ್ಕವನ್ನೂ ದೂರದ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದಾಗ ಹೀಗಾಗುತ್ತದೆ.

ಇದರಲ್ಲಿ ಒಂದು ವಿಚಿತ್ರ ಇದೆ. ಕಾಂಗ್ರೆಸ್ ತನ್ನ ಪ್ರಾಂತ್ಯ ಸಮಿತಿಗಳನ್ನು ಭಾಷೆಗೆ ತಕ್ಕಂತೆ ಕಟ್ಟಬೇಕು ಎಂದು ಒಪ್ಪಿದ್ದು 1920ರ ಡಿಸೆಂಬರಿನಲ್ಲಿ. ಎಲ್ಲಿ? ಇದೇ ನಾಗಪುರದ ಅಧಿವೇಶನದಲ್ಲಿ. ಅದೇ ವರ್ಷ ಧಾರವಾಡದಲ್ಲಿ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನಡೆದ ರಾಜಕೀಯ ಪರಿಷತ್ತು ಕನ್ನಡಿಗರೆಲ್ಲ ನಾಗಪುರಕ್ಕೆ ಹೋಗಬೇಕೆಂದು ತೀರ್ಮಾನಿಸಿತ್ತು. ಸುಮಾರು 800 ಪ್ರತಿನಿಧಿಗಳು ಕರ್ನಾಟಕದಿಂದ ಹೋದರು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಹುಟ್ಟಿದ್ದು ಅದರ ಫಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನಕ್ಕೆ ದಾರಿಯಾದದ್ದೂ ಅಲ್ಲಿಂದಲೇ. ನಮ್ಮ ಏಕೀಕರಣಕ್ಕೆ ದೇಶದ ಮಟ್ಟದಲ್ಲಿ ಮೊದಲ ಮುದ್ರೆ ಬಿದ್ದ ಊರು ನಾಗಪುರ. ಮೂವತ್ತಾರು ವರ್ಷಗಳ ನಂತರ ಅದೇ ತತ್ತ್ವ ಕಾಯಿದೆಯಾದಾಗ, ನಾಗಪುರ ತನ್ನ ರಾಜಧಾನಿ ಪಟ್ಟವನ್ನೇ ಬಿಟ್ಟುಕೊಟ್ಟಿತು.

ಇನ್ನು ಆ ದಿನ ನಮ್ಮ ಜೊತೆ ಯಾರ್ಯಾರು ಇದ್ದರು ನೋಡಿ. ತಿರುವಾಂಕೂರು-ಕೊಚ್ಚಿ ಮತ್ತು ಮಲಬಾರು ಸೇರಿ ಕೇರಳ ಆಯಿತು. ಆಂಧ್ರಕ್ಕೆ ತೆಲಂಗಾಣ ಕೂಡಿ ಆಂಧ್ರಪ್ರದೇಶ ಆಯಿತು. ಕನ್ಯಾಕುಮಾರಿಯ ನಾಲ್ಕು ತಾಲ್ಲೂಕುಗಳು ಮದ್ರಾಸಿಗೆ ಬಂದವು. ದಿಲ್ಲಿ ಕೇಂದ್ರಾಡಳಿತಕ್ಕೆ ಹೋಯಿತು. ಅದೇ ದಿನ, ಬೇರೊಂದು ಕಾಯಿದೆಯ ಬಲದಿಂದ, ಬಿಹಾರದಲ್ಲಿದ್ದ ಪುರುಲಿಯಾ ಪಶ್ಚಿಮ ಬಂಗಾಳಕ್ಕೆ ಸೇರಿತು. ಅದರ ಹಿಂದೆ ಬಂಗಾಳಿ ಮಾತಾಡುವವರ ದೀರ್ಘ ಹೋರಾಟ ಇತ್ತು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿದೀವಿ ದ್ವೀಪಗಳು, ಮಲಬಾರಿನ ಕಡೆಯ ದ್ವೀಪಗಳ ಜೊತೆ ಸೇರಿ ಇಂದಿನ ಲಕ್ಷದ್ವೀಪವಾದವು. ಮಂಗಳೂರಿನ ಕಲೆಕ್ಟರರ ಜಿಲ್ಲೆ ಒಂದು ಕಾಲಕ್ಕೆ ಅರಬ್ಬಿ ಸಮುದ್ರದ ನಡುವಿನವರೆಗೆ ಹರಡಿತ್ತು ಎನ್ನುವುದು ಈಗ ಎಷ್ಟು ಜನರಿಗೆ ನೆನಪಿದೆ?

ದಕ್ಷಿಣ ಕನ್ನಡದಿಂದ ಇನ್ನೊಂದು ತುಂಡೂ ಹೋಯಿತು. ಅದು ಕಾಸರಗೋಡು. ಮದ್ರಾಸು ಸರ್ಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ ಮಂಜೇಶ್ವರದ ಗೋವಿಂದ ಪೈಯವರ ಮನೆ ಅವತ್ತಿನಿಂದ ಕೇರಳದಲ್ಲಿ. ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದು ಆಮೇಲಿನ ಬದುಕಿನುದ್ದಕ್ಕೂ ಹೋರಾಡಿದರು. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೊಸ ಮೈಸೂರು ರಾಜ್ಯ ಉದ್ಘಾಟಿಸಿದಾಗ, ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಯಾದಾಗ, ಚಂದ್ರಗಿರಿ ಹೊಳೆಯ ಉತ್ತರ ದಡದ ಕನ್ನಡಿಗರಿಗೆ ಅದು ಬೇರೆಯವರ ಮನೆಯ ಮದುವೆಯಾಗಿತ್ತು.

ಘಟನೆಗಳು ಒಂದೇ ತಾರೀಖಿಗೆ ಬಂದು ಕೂಡುವುದರಲ್ಲಿ, ಹೀಗೆ ಒಂದೇ ಆಜ್ಞೆಯಿಂದ ಒಂದೇ ದಿನ ಆದದ್ದು ಒಂದು ಬಗೆ. ಎರಡನೆಯ ಬಗೆ ಬೇಕೆಂದೇ ಆರಿಸಿಕೊಂಡದ್ದು. ಹೊಸ ರಾಜ್ಯಕ್ಕೆ ಕರ್ನಾಟಕ ಎಂದೇ ಹೆಸರಿರಲಿ ಎಂದು ಆಯೋಗ ಹೇಳಿತ್ತು. ಆದರೆ ಮೈಸೂರು ಎಂಬ ಹೆಸರೇ ಮುಂದುವರಿಯಿತು. ಹೆಸರು ಬದಲಾದದ್ದು 1973ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ವರ್ಷದ ಯಾವ ದಿನವಾದರೂ ಆಗಬಹುದಿತ್ತು. ಹದಿನೇಳು ವರ್ಷ ಹಳೆಯ ಹಬ್ಬದ ದಿನವನ್ನೇ ಹಿಡಿದರು. ಪಂಜಾಬು ಒಡೆದು ಹರಿಯಾಣ ಆದದ್ದು 1966ರ ನವೆಂಬರ್ 1ಕ್ಕೆ. ಮಧ್ಯಪ್ರದೇಶದಿಂದ ಛತ್ತೀಸಗಢ ಬೇರೆಯಾದದ್ದು 2000ದ ನವೆಂಬರ್ 1ಕ್ಕೆ. ಅದೇ ತಿಂಗಳು ಹುಟ್ಟಿದ ಝಾರ್ಖಂಡ್ ನವೆಂಬರ್ 15ನ್ನು ಆರಿಸಿಕೊಂಡಿತು, ಅದು ಬಿರ್ಸಾ ಮುಂಡಾ ಅವರ ಜನ್ಮದಿನ.

ಛತ್ತೀಸಗಢ ಎಂದಾಗ ಮತ್ತೆ ಉಮರೇಡ್ ನೆನಪಾಗುತ್ತದೆ. 1956ರವರೆಗೆ ರಾಯಪುರ, ಬಿಲಾಸಪುರ, ಉಮರೇಡ್ ಎಲ್ಲ ಒಂದೇ ರಾಜ್ಯ. ನಾಗಪುರದಲ್ಲಿ ಕೂತು ಆ ರಾಜ್ಯ ಆಳಿದ ಮುಖ್ಯಮಂತ್ರಿ ರವಿಶಂಕರ ಶುಕ್ಲರು ರಾಯಪುರದವರು. ನವೆಂಬರ್ 1ರಂದು ಅವರೇ ಭೋಪಾಲದಲ್ಲಿ ಹೊಸ ಮಧ್ಯಪ್ರದೇಶದ ಮೊದಲ ಮುಖ್ಯಮಂತ್ರಿಯಾದರು, ಆ ವರ್ಷದ ಕೊನೆಯ ದಿನ ತೀರಿಕೊಂಡರು. ಒಂದು ನವೆಂಬರ್ 1ಕ್ಕೆ ಉಮರೇಡ್ ಆ ಮನೆ ಬಿಟ್ಟಿತು. ನಲವತ್ತನಾಲ್ಕು ವರ್ಷಗಳ ಬಳಿಕ, ಇನ್ನೊಂದು ನವೆಂಬರ್ 1ಕ್ಕೆ ರಾಯಪುರವೂ ಬಿಟ್ಟು ತಾನೇ ರಾಜಧಾನಿಯಾಯಿತು.

ಮೂರನೆಯ ಬಗೆ ಬರೀ ಆಕಸ್ಮಿಕ. 1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪದಲ್ಲಿ ನೆಲಸಮವಾಯಿತು. ಅವತ್ತು ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಇಗರ್ಜಿಗಳಲ್ಲಿ ಜನ ಕಿಕ್ಕಿರಿದಿದ್ದರು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಗೋಡೆ ಕುಸಿದು ಸತ್ತವರ ಮೇಲೆ ಬೆಂಕಿಯಲ್ಲಿ ಸತ್ತವರು ಸೇರಿದರು. ಹಬ್ಬವೂ ಭೂಕಂಪವೂ ಒಂದೇ ದಿನ ಬಂದದ್ದು ಆಕಸ್ಮಿಕ. ಅದರ ಪರಿಣಾಮ ಮಾತ್ರ ಘೋರ. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆ ಓದಿಸಿದ. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂತು. 1954ರ ನವೆಂಬರ್ 1ರಂದು ಪುದುಚೇರಿಯ ಆಡಳಿತ ಫ್ರೆಂಚರಿಂದ ಭಾರತದ ಕೈಗೆ ಬಂತು. ಇನ್ನು ನಮ್ಮ 1956ರ ಅದೇ ಗುರುವಾರ ಹಂಗೇರಿಯ ಇಮ್ರೆ ನಾಜ್ ತನ್ನ ದೇಶ ವಾರ್ಸಾ ಒಪ್ಪಂದದಿಂದ ಹೊರಬಂದಿದೆ ಎಂದು ಸಾರಿದರು. ಸೂಯೆಜ್ ಕಾಲುವೆಯ ಕಡೆ ಬಾಂಬು ಬೀಳುತ್ತಿತ್ತು. ಆ ವಾರದ ಪತ್ರಿಕೆ ಬಿಡಿಸಿದವರಿಗೆ ಏಕೀಕರಣದ ಸಂತೋಷ, ದೀಪಾವಳಿಯ ಜಾಹೀರಾತು, ಯುದ್ಧದ ಸುದ್ದಿ ಒಟ್ಟಿಗೇ ಸಿಕ್ಕಿರಬೇಕು.

ಆಕಸ್ಮಿಕದ ಈ ಸಾಲಿನಲ್ಲೇ ಉಮರೇಡ್‌ಗೆ ನಾಳೆ ಒಂದು ಆಚರಣೆಯೂ ಇದೆ. ಅಲ್ಲಿನ ಗಣಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ಗೆ ಸೇರಿದ್ದು. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಆ ಸಂಸ್ಥೆ ಕೋಲ್ ಇಂಡಿಯಾದ ಅಂಗ. ಕೋಲ್ ಇಂಡಿಯಾ ಸ್ಥಾಪನೆಯಾದದ್ದು 1975ರ ನವೆಂಬರ್ 1ರಂದು. ಹಾಗಾಗಿ ನಾಳೆ ಗಣಿ ಸಂಸ್ಥೆಯವರಿಗೆ ಸ್ಥಾಪನಾ ದಿನ. ನಮ್ಮ ರಾಜ್ಯೋತ್ಸವಕ್ಕೂ ಇದಕ್ಕೂ ನಂಟಿಲ್ಲ ಎನ್ನಬಹುದು. ಆದರೆ ರಾಯಚೂರಿನ ಹತ್ತಿರ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ವಿದರ್ಭದ ಗಣಿಗಳಿಂದಲೂ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಹೈದರಾಬಾದು ರಾಜ್ಯದಲ್ಲಿದ್ದ ರಾಯಚೂರು ನಮ್ಮ ಜೊತೆ ಸೇರಿದ್ದೂ ನವೆಂಬರ್ 1ಕ್ಕೇ. ನಾಳೆ ಸಂಜೆಯ ಸರಣಿ ದೀಪಗಳಲ್ಲಿ ವಿದರ್ಭದ ನೆಲದ ಪಾಲೂ ಇದ್ದೀತು.

ಕಲ್ಲಿದ್ದಲಿಗೆ ಇನ್ನೊಂದು ತಾರೀಖೂ ಇದೆ. ಉಕ್ಕಿನ ಕುಲುಮೆಗೆ ಬೇಕಾಗುವ ಕೋಕಿಂಗ್ ಕಲ್ಲಿದ್ದಲಿನ ಗಣಿಗಳು ರಾಷ್ಟ್ರೀಕರಣವಾದದ್ದು 1972ರ ಮೇ 1ರಂದು, ಉಳಿದ ಗಣಿಗಳು 1973ರ ಮೇ 1ರಂದು. ಮೇ 1 ಎಂದರೆ ಕಾರ್ಮಿಕರ ದಿನ. ಎರಡು ವರ್ಷವೂ ಅದೇ ದಿನ ಬಂದದ್ದನ್ನು ನೋಡಿದರೆ ಇದು ಆರಿಸಿಕೊಂಡದ್ದೇ ಎಂದು ನನ್ನ ಊಹೆ. ಅದೇ ಮೇ 1 ಮಹಾರಾಷ್ಟ್ರದ ಹುಟ್ಟುಹಬ್ಬ. 1960ರಲ್ಲಿ ದ್ವಿಭಾಷಾ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತು ಎರಡಾದವು. ಹುಬ್ಬಳ್ಳಿಗೆ ರಾಜ್ಯದ ಹಬ್ಬ ನವೆಂಬರ್ 1 ಆದರೆ, ಉಮರೇಡ್‌ಗೆ ಮೇ 1.

ಆದರೆ ಆ ಹಬ್ಬವೂ ಎಲ್ಲರಿಗೂ ಹಬ್ಬವಲ್ಲ. ಪ್ರತ್ಯೇಕ ವಿದರ್ಭ ಬೇಕೆನ್ನುವವರು ಮೇ 1ನ್ನು ಕರಾಳ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಇತ್ತ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ನವೆಂಬರ್ 1ನ್ನು ಕರಾಳ ದಿನ ಎನ್ನುತ್ತಾರೆ. ಬೆಳಗಾವಿಯ ಆ ಮರಾಠಿಗರಿಗೆ ಮಹಾರಾಷ್ಟ್ರಕ್ಕೆ ಸೇರಲಿಲ್ಲ ಎಂಬ ಸಿಟ್ಟು, ನಾಗಪುರದ ಆ ಮರಾಠಿಗರಿಗೆ ಮಹಾರಾಷ್ಟ್ರಕ್ಕೆ ಸೇರಿಸಿದರಲ್ಲ ಎಂಬ ಸಿಟ್ಟು. ಇಬ್ಬರ ಭಾಷೆ ಒಂದೇ. ಬೆಳಗಾವಿ ಕರ್ನಾಟಕದ್ದು ಎನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಗಡಿಯ ಜಗಳ ಬರೀ ಭಾಷೆಯ ಜಗಳ ಎಂದು ತಿಳಿದವರು ಈ ಎರಡು ಕರಾಳ ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕಚೇರಿ ಎಷ್ಟು ದೂರ, ನೀರಾವರಿಯ ದುಡ್ಡು ಯಾರ ಕೈಯಲ್ಲಿ, ನೌಕರಿ ಯಾರಿಗೆ, ಈ ಪ್ರಶ್ನೆಗಳು ಭಾಷೆಯ ಹಿಂದೆ ನಿಂತಿರುತ್ತವೆ.

ಇಷ್ಟು ಹೊತ್ತು ತಾರೀಖಿನ ಮಾತು ಆಯಿತು. ನಮ್ಮಲ್ಲಿ ತಿಥಿಯೂ ಇದೆಯಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ಧಮ್ಮ ಸ್ವೀಕರಿಸಿದರು. ಅವತ್ತು ವಿಜಯದಶಮಿ. ನಾಗಪುರ ಆಗಿನ್ನೂ ಮಧ್ಯಪ್ರದೇಶದ ರಾಜಧಾನಿ, ಹದಿನೆಂಟು ದಿನ ಮಾತ್ರ ಬಾಕಿ. ಆ ನೆನಪು ಈಗ ಎರಡು ದಿನ ಬರುತ್ತದೆ. ಅಕ್ಟೋಬರ್ 14ಕ್ಕೆ ಒಮ್ಮೆ, ಅಶೋಕ ವಿಜಯದಶಮಿ ಎಂದು ತಿಥಿಗೆ ಒಮ್ಮೆ. ತಿಥಿಯ ದಿನ, ಅಂಬೇಡ್ಕರರು ದೀಕ್ಷೆ ಪಡೆದ ಜಾಗವಾದ ದೀಕ್ಷಾಭೂಮಿಗೆ ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ, ಕರ್ನಾಟಕದಿಂದಲೂ ಹೋಗುತ್ತಾರೆ. 1925ರ ವಿಜಯದಶಮಿಯಂದೇ ಅದೇ ನಾಗಪುರದಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘ ಹುಟ್ಟಿತು, ಅವರ ಉತ್ಸವವೂ ಅವತ್ತೇ. ಅದೇ ದಿನ ಮೈಸೂರಿನಲ್ಲಿ ಜಂಬೂಸವಾರಿ. ಒಂದು ತಿಥಿ ಇಷ್ಟು ಬೇರೆ ಬೇರೆ ನಂಬಿಕೆಗಳನ್ನು ಹೊತ್ತುಕೊಂಡು ಪ್ರತಿ ವರ್ಷ ಬರುತ್ತದೆ. ತಾರೀಖು ಅಗಲಿದರೂ ತಿಥಿಗೆ ಅವೆಲ್ಲ ಮತ್ತೆ ಕೂಡುತ್ತವೆ.

ದಿನಕ್ಕೆ ತನ್ನದೇ ಆದ ಮಹಿಮೆ ಇಲ್ಲ, ಮಹಿಮೆ ಕೊಡುವವರು ನಾವು. ಬೇಕಾದಾಗ ಬದಲಿಸುವವರೂ ನಾವೇ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಆಂಧ್ರಪ್ರದೇಶ ಕೆಲವು ವರ್ಷ ನವೆಂಬರ್ 1ರ ಆಚರಣೆ ಬಿಟ್ಟಿತು, 2019ರಲ್ಲಿ ಮತ್ತೆ ಹಿಡಿಯಿತು. ತಮಿಳುನಾಡಿನಲ್ಲಿ ಒಂದು ಸರ್ಕಾರ ನವೆಂಬರ್ 1ನ್ನು ತಮಿಳುನಾಡು ದಿನ ಎಂದಿತು. 2021ರಲ್ಲಿ ಇನ್ನೊಂದು ಸರ್ಕಾರ ಅದನ್ನು ಜುಲೈ 18ಕ್ಕೆ ಬದಲಿಸಿತು. 1967ರಲ್ಲಿ ರಾಜ್ಯದ ಹೆಸರು ಬದಲಿಸುವ ನಿರ್ಣಯ ಅಲ್ಲಿನ ವಿಧಾನಸಭೆಯಲ್ಲಿ ಆದ ದಿನ ಅದು. ನೆಲ ಕೂಡಿದ ದಿನ ದೊಡ್ಡದೋ, ಹೆಸರು ಬಂದ ದಿನ ದೊಡ್ಡದೋ ಎಂಬ ವಾದ ಅದರಲ್ಲಿದೆ. ನಮಗೆ ಆ ಕಷ್ಟ ಬರಲಿಲ್ಲ. ನೆಲಕ್ಕೂ ಹೆಸರಿಗೂ 1973ರಲ್ಲಿ ಒಂದೇ ತಾರೀಖು ಕಟ್ಟಿದರು.

ಇನ್ನೊಂದು ಮಾತು. ನವೆಂಬರ್ 1ರ ಬೆಳಗ್ಗೆ ಬಾವುಟ ಏರಿದ ಕೂಡಲೇ ಎಲ್ಲವೂ ಒಂದಾಯಿತು ಎಂದು ತಿಳಿಯಬಾರದು. ಹಳೆಯ ಕಾನೂನು ಬದಲಾಗುವವರೆಗೆ ಅದೇ ಮುಂದುವರಿಯಲಿ ಎಂದು ಪುನರ್ವಿಂಗಡಣಾ ಕಾಯಿದೆಯೇ ಹೇಳಿತ್ತು. ಹಾಗಾಗಿ ನಮ್ಮ ರಾಜ್ಯದಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಐದು ಬಗೆಯ ಭೂ ಕಾನೂನುಗಳು ಒಂದೇ ಸೂರಿನಡಿ ಇದ್ದವು. ಕಂದಾಯಕ್ಕೆ ಒಂದೇ ಕಾಯಿದೆ ಆದದ್ದು 1964ರಲ್ಲಿ. ಮಹಾರಾಷ್ಟ್ರಕ್ಕೆ ಅದು ಆದದ್ದು 1966ರಲ್ಲಿ. ಅಲ್ಲಿಯವರೆಗೆ ಉಮರೇಡ್‌ನ ಹೊಲಕ್ಕೆ ಒಂದು ನಿಯಮ, ಪುಣೆಯ ಹೊಲಕ್ಕೆ ಇನ್ನೊಂದು. ನೌಕರರ ಸೇವಾ ಹಿರಿತನದ ವ್ಯಾಜ್ಯಗಳಂತೂ ದಶಕಗಳ ಕಾಲ ನಡೆದವು. ಹಬ್ಬ ಒಂದು ದಿನದ್ದು, ರಾಜ್ಯ ಕಟ್ಟುವ ಕೆಲಸ ಬಹಳ ವರ್ಷಗಳದ್ದು. ಆ ಕೆಲಸ ಮಾಡಿದ ತಲಾಟಿ, ಶಾನುಭೋಗ, ಗುಮಾಸ್ತ, ಸರ್ವೆಯರುಗಳ ಹೆಸರಿನಲ್ಲಿ ಯಾವ ದಿನಾಚರಣೆಯೂ ಇಲ್ಲ.

ಅದಕ್ಕೇ ನಾಳಿನ ಹಬ್ಬಕ್ಕೆ ಒಂದು ಸಣ್ಣ ಕೆಲಸ ಸೇರಿಸಿಕೊಳ್ಳಿ ಎಂದು ಕೇಳುತ್ತೇನೆ. ಮನೆಯ ಹಿರಿಯರ ಹತ್ತಿರ ಕೂತು, 1956ರ ಅಕ್ಟೋಬರಿನಲ್ಲಿ ನಮ್ಮ ಊರು ಯಾವ ರಾಜ್ಯದಲ್ಲಿತ್ತು ಎಂದು ಕೇಳಿ. ಕಲಬುರಗಿಯವರ ಪೆಟ್ಟಿಗೆಯಲ್ಲಿ ಉರ್ದು ಕಾಗದ ಸಿಗಬಹುದು, ವಿಜಯಪುರದವರ ಪೆಟ್ಟಿಗೆಯಲ್ಲಿ ಮುಂಬಯಿ ಸರ್ಕಾರದ ಉತಾರ, ಪುತ್ತೂರಿನವರ ಪೆಟ್ಟಿಗೆಯಲ್ಲಿ ಮದ್ರಾಸಿನ ಶಾಲಾ ಸರ್ಟಿಫಿಕೇಟು. ಸಿಕ್ಕರೆ ಮಕ್ಕಳಿಗೆ ತೋರಿಸಿ. ಶಿಕ್ಷಕರಾಗಿದ್ದರೆ ನಾಳೆಯ ಭಾಷಣದಲ್ಲಿ ಐದು ನಿಮಿಷ ಕಾಸರಗೋಡಿಗೂ ಪುರುಲಿಯಾಕ್ಕೂ ಉಮರೇಡ್‌ಗೂ ಕೊಡಿ. ನಮ್ಮ ಏಕೀಕರಣ ಎಷ್ಟು ದೊಡ್ಡದು ಎನ್ನುವುದು ಗೊತ್ತಾಗುವುದು, ಅದೇ ದಿನ ಇತರರಿಗೆ ಏನು ಬಂತು, ಏನು ಹೋಯಿತು ಎಂಬುದನ್ನೂ ತಿಳಿದಾಗ. ಬೇರೆಯವರ ಲೆಕ್ಕ ತಿಳಿದುಕೊಂಡರೆ ನಮ್ಮ ಹಬ್ಬವೇನೂ ಚಿಕ್ಕದಾಗುವುದಿಲ್ಲ. ಕೊಟ್ಟವರು ಯಾರು, ಬಿಟ್ಟವರು ಯಾರು ಎಂದು ತಿಳಿದು ಉಣ್ಣುವ ಊಟ ಅದು.